ನುಗ್ಗೆಕಾಯಿ ಬಂದ ತಿಂಗಳು

ಒಡ್ಡನ್‌ಛತ್ರಂ
10 ಜುಲೈ 2025, ಗುರುವಾರ

ಐದನೇ ತಾರೀಕಿಗೆ ಬರಬೇಕಾದ ಬಾಡಿಗೆ ಇನ್ನೂ ಬಂದಿಲ್ಲ. ಬೆಳಿಗ್ಗೆ ಮೇಲಿನ ಮನೆಯವನ ಹೆಂಡತಿ ನುಗ್ಗೆಕಾಯಿಯ ಕಟ್ಟೊಂದನ್ನು ತಂದು ಬಾಗಿಲಲ್ಲಿಟ್ಟು, ಮಾತಾಡಿಸುವಷ್ಟರಲ್ಲಿ ಮೆಟ್ಟಿಲು ಹತ್ತಿಬಿಟ್ಟಳು. ನುಗ್ಗೆಕಾಯಿ ಬಂತೆಂದರೆ ಈ ವಾರ ದುಡ್ಡಿಲ್ಲ ಅಂತಲೇ ಲೆಕ್ಕ. ಸಾರು ಚೆನ್ನಾಗಿಯೇ ಆಯಿತು, ಅದು ಬೇರೆ ಮಾತು.

ಕಂಬಂನಿಂದ ನಾದಿನಿಯ ಫೋನು. “ಅತ್ತಿಗೆ, ನೀವೇ ಸಲಿಗೆ ಕೊಟ್ಟು ಕೆಡಿಸಿದ್ದು” ಅಂದಳು. ಇರಬಹುದು.

19 ಜುಲೈ, ಶನಿವಾರ

ಮೇಲಿನ ಮನೆಯವನು ಮೆಟ್ಟಿಲ ಕೆಳಗೆ ಸಿಕ್ಕಿದ. “ಅಕ್ಕಾ, ಕೇರಳದಿಂದ ಇನ್ನೂ ದುಡ್ಡು ಬಂದಿಲ್ಲ. ಅಡ್ವಾನ್ಸಲ್ಲೇ ಹಿಡ್ಕೊಂಡ್ಬಿಡಿ.”

ಸುಳ್ಳು ಹೇಳುವವನಲ್ಲ. ಇಲ್ಲಿನ ಗಾಂಧಿ ಮಾರ್ಕೆಟ್ಟಿನಲ್ಲಿ ಟೊಮೇಟೊ, ಬೀನ್ಸ್, ಬದನೆ ಕೊಂಡು ತ್ರಿಶೂರಿನ ಅಂಗಡಿಗಳಿಗೆ ಲೋಡು ಕಳಿಸುತ್ತಾನೆ. ತರಕಾರಿ ಒಂದೇ ರಾತ್ರಿಗೆ ಗಡಿ ದಾಟುತ್ತದೆ, ದುಡ್ಡು ವಾಪಸು ಬರಲು ವಾರಗಟ್ಟಲೆ. ಇವನು ರೈತರಿಗೆ ಕೊಡಬೇಕು, ಲಾರಿಯವನಿಗೆ ಕೊಡಬೇಕು; ಆ ಸಾಲಿನಲ್ಲಿ ಕೊನೆಗೆ ನಿಂತವಳು ನಾನು. ಕರೆಂಟ್ ಬಿಲ್ಲು ಮಾತ್ರ ಯಾವತ್ತೂ ತಪ್ಪಿಸಿದ್ದಿಲ್ಲ. ಕಟ್ಟದಿದ್ದರೆ ಕರೆಂಟ್ ಬೋರ್ಡಿನವರು ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ನಾನೇನು ಕೀಳಲಿ?

ಅಡ್ವಾನ್ಸು 30,000. ತಿಂಗಳಿಗೆ 6,000ದಂತೆ ಹಿಡಿಯುತ್ತಾ ಹೋದರೆ ಸಂಕ್ರಾಂತಿಯೊಳಗೆ ಅದೂ ಕರಗಿ, ಖಾಲಿ ಮಾಡಿದ ದಿನ ಸುಣ್ಣಬಣ್ಣಕ್ಕೆ ನಾನೇ ಕೈಯಿಂದ ಹಾಕಬೇಕಾಗುತ್ತದೆ. ಆಗೋದಿಲ್ಲ ಅಂದೆ. ತಲೆ ತಗ್ಗಿಸಿ ಹೋದ. ತಡವಾದದ್ದಕ್ಕಿಂತ, ತಡವಾಗುತ್ತದೆ ಅಂತ ಮೊದಲೇ ಬಂದು ಹೇಳಲಿಲ್ಲವಲ್ಲ, ಅದು ನನಗೆ ಸಿಟ್ಟು. ನನ್ನ ದುಡ್ಡು ಕೇಳಲು ನಾನೇ ಹೊಂಚು ಹಾಕಿ ನಿಲ್ಲಬೇಕೇ?

2 ಆಗಸ್ಟ್, ಶನಿವಾರ

ಮೈದುನ ಬಂದಿದ್ದ. “ನೀರಿನ ಮೋಟಾರು ನಿಲ್ಲಿಸಿ ಅತ್ತಿಗೆ, ಎರಡೇ ದಿನಕ್ಕೆ ದುಡ್ಡು ಬರುತ್ತೆ” ಅಂತ ಉಪಾಯ. ಮೇಲೆ ಮೂರು ವರ್ಷದ ಮಗು ಇದೆ. ಕಾನೂನೂ ಒಪ್ಪುವುದಿಲ್ಲ: ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ, 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದದ್ದು, ನೀರು ಕರೆಂಟು ನಿಲ್ಲಿಸಕೂಡದು ಎನ್ನುತ್ತದೆ. ವಕೀಲರನ್ನು ವಿಚಾರಿಸಿದೆ: ಎರಡು ತಿಂಗಳ ಬಾಕಿ ನಿಂತು, ನೋಟಿಸು ಕೊಟ್ಟು ಒಂದು ತಿಂಗಳಾದರೂ ಕಟ್ಟದಿದ್ದರೆ ಕೋರ್ಟಿಗೆ ಹೋಗಬಹುದಂತೆ. “ಕರಾರು ಪತ್ರ ಎಲ್ಲಿದೆ?” ಅಂದರು ವಕೀಲರು. ನಮ್ಮದೆಲ್ಲಾ ಬಾಯಿಮಾತು, ನಮ್ಮ ಯಜಮಾನರು ಇದ್ದಾಗಿನಿಂದ ನಡೆದು ಬಂದದ್ದು.

ಹೋಗಲಿ, ಖಾಲಿ ಮಾಡು ಅನ್ನೋಣವೆಂದರೆ ತಮಿಳರ ಆಡಿ ತಿಂಗಳು. ಯಾರೂ ಮನೆ ಬಿಡುವುದಿಲ್ಲ, ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ. ನಮ್ಮ ಕೊಳ್ಳೇಗಾಲದ ಆಷಾಢ ಭೀಮನ ಅಮಾವಾಸ್ಯೆಗೇ ಮುಗಿಯಿತು. ಇವರದು ಸೌರಮಾನ, ಆಗಸ್ಟ್ ಮಧ್ಯದವರೆಗೂ ಎಳೆಯುತ್ತದೆ. ಅವನನ್ನು ಕಳಿಸಿದರೆ ಬೀಗ ಹಾಕಿದ ಮನೆ ಕಾಯುವವಳು ನಾನೇ.

30 ಆಗಸ್ಟ್, ಶನಿವಾರ

ಓಣಂ ಸೆಪ್ಟೆಂಬರ್ 5ಕ್ಕೆ. ಮಾರ್ಕೆಟ್ಟಿನ ಕಡೆ ಕೇರಳದ ನಂಬರಿನ ಲಾರಿಗಳು ಸಾಲುಗಟ್ಟಿವೆ. ಅವನು ಮನೆಗೆ ಬರುವುದೇ ನಡುರಾತ್ರಿ. ಇವತ್ತು ಕೆಳಗಿಳಿದು ಬಂದು, “ಅಕ್ಕಾ, ಓಣಂ ಕಳೀಲಿ, ಎರಡು ತಿಂಗಳದ್ದೂ ಒಟ್ಟಿಗೆ ಕೊಡ್ತೀನಿ” ಅಂದ. ಕೇಳದೆಯೇ ಬಂದು ಹೇಳಿದ. ಅರ್ಧ ಸಿಟ್ಟು ಅಲ್ಲೇ ಇಳಿಯಿತು.

13 ಸೆಪ್ಟೆಂಬರ್, ಶನಿವಾರ

ರಬ್ಬರ್‌ಬ್ಯಾಂಡ್ ಸುತ್ತಿದ ನೋಟು ತಂದುಕೊಟ್ಟ, ಈರುಳ್ಳಿ ವಾಸನೆ. ಎಣಿಸಿದೆ: 11,500. ಐನೂರು ಕಮ್ಮಿ ಅಂದರೆ, ಮೇಲಿನ ನಲ್ಲಿ ತಾನೇ ರಿಪೇರಿ ಮಾಡಿಸಿದ್ದಕ್ಕೆ ಹಿಡಿದುಕೊಂಡನಂತೆ! ಚೀಟಿ ತೋರಿಸು ಅಂದೆ, ತೋರಿಸಿದ. ಸೆಪ್ಟೆಂಬರಿನದು ಬಾಕಿ. ಐದನೇ ತಾರೀಕು ತನಗೆ ಒಗ್ಗುವುದಿಲ್ಲ, ಹದಿನೈದು ಮಾಡಿಕೊಡಿ ಅಂತ ಕೇಳಿದ. ಮಾಡಿದೆ, ಆದರೆ ಹದಿನಾರಾದರೆ ಬಡ್ಡಿ, ಮತ್ತು ಎಲ್ಲವೂ ಬರವಣಿಗೆಯಲ್ಲಿ. ಒಪ್ಪಿಕೊಂಡ.

ಸೋಮವಾರ ಛಾಪಾ ಕಾಗದ ತರಿಸಬೇಕು. ನಲ್ಲಿ, ಮೋಟಾರು ಕೆಟ್ಟರೆ ಖರ್ಚು ಯಾರದೆಂದು ಅದರಲ್ಲಿ ಬರೆಸಬೇಕು.