ಅವ್ವನ ಇಟ್ಟಂಗಿ ಆಟ

ನಮ್ಮ ಮನ್ಯಾಗ ಒಬ್ಬೊಬ್ಬರ ಮೊಬೈಲ್‌ನ್ಯಾಗ ಹತ್ತ ಹತ್ತ ಗೇಮ್ ಅದಾವ. ಆದ್ರ ಅವ್ವಂದು ಮಾತ್ರ ಅದ ಹಳೇ ಬ್ರಿಕ್ ಗೇಮ್. ಬೂದಿಬಣ್ಣದ ಸ್ಕ್ರೀನು, ಪೆನ್ಸಿಲ್ ಸೆಲ್ಲು, ಮ್ಯಾಲ '9999 ಇನ್ 1' ಅಂತ ಜಂಬ. ಒಳಗ ನೋಡಿದ್ರ ಇದ್ದ ಕೆಲವ ಆಟಾನ ಹೊಳ್ಳಿ ಹೊಳ್ಳಿ ಬರ್ತಾವ. ಅವ್ವ ಆಡೂದು ಒಂದ, ಮ್ಯಾಲಿಂದ ಇಟ್ಟಂಗಿ ಬೀಳೂದು. ಟೆಟ್ರಿಸ್ ಅನ್ನೋ ಹೆಸರು ಆಕಿಗೆ ಗೊತ್ತಿಲ್ಲ, ಗೊತ್ತಾಗಿ ಆಗೋದೂ ಏನಿಲ್ಲ.

"ಅಜ್ಜಿ, ಇದರಾಗ ಗ್ರಾಫಿಕ್ಸ ಇಲ್ಲ" ಅಂತ ನನ್ನ ಮಗ ಮೂಗ ಮುರೀತಾನ. ಮೂಲ ಆಟಕ್ಕ ಅಷ್ಟೂ ಇದ್ದಿಲ್ಲೋ ಮಾರಾಯಾ! 1984ರಾಗ ಮಾಸ್ಕೋದ ವಿಜ್ಞಾನ ಅಕಾಡೆಮಿಯೊಳಗ ಅಲೆಕ್ಸಿ ಪಜಿತ್ನೊವ್ ಇದನ್ನ ಬರದಾಗ, ಆತನ ಮುಂದಿದ್ದ ಎಲೆಕ್ಟ್ರಾನಿಕಾ 60 ಕಂಪ್ಯೂಟರಿಗೆ ಚಿತ್ರ ಬಿಡಸಾಕ ಬರ್ತಿದ್ದಿಲ್ಲ. ಕಂಸದ ಗುರುತು ಜೋಡಿಸಿ ಇಟ್ಟಂಗಿ ಮಾಡಿದ. ಐದ ಚೌಕದ ತುಂಡಿನ ಒಗಟು ಮೊದಲಿಂದ ಇತ್ತು, ಈತ ಅದನ್ನ ನಾಲ್ಕಕ್ಕ ಇಳಿಸಿದ. ನಾಲ್ಕ ಚೌಕ ಜೋಡಿಸಿದ್ರ ಏಳ ಆಕಾರ ಆಗ್ತಾವ, ಅಷ್ಟ. ಏಳ ಅಂದ್ರ ಯಾರ ತಲ್ಯಾಗರ ಕೂಡ್ತಾವ. ಹಾಡೂ ಬ್ಯಾಡ, ಕಥೀನೂ ಬ್ಯಾಡ, ಓದು ಬರಹಾನೂ ಬ್ಯಾಡ. 1989ಕ್ಕ ಗೇಮ್ ಬಾಯ್ ಜೋಡಿ ಅಮೆರಿಕಾದಾಗ ಮಾರಾಟಕ್ಕ ಬಂದ ಮ್ಯಾಲ ದೊಡ್ಡವರೂ ಹಿಡಕೊಂಡು ಕೂತರು. ಮಾಡಿದಾತಗ ಮಾತ್ರ 1996ರ ತನಕ ರಾಯಲ್ಟಿ ಸಿಗಲಿಲ್ಲ, ಹಕ್ಕು ಸರಕಾರದ್ದಾಗಿತ್ತು. ಇದನ್ನ ಕೇಳಿ ಅವ್ವ "ಪಾಪ, ನಮ್ಮ ಕಡೆ ಮಂದೀ ಹಂಗನ" ಅಂದ್ಲು.

ಅಪ್ಪಗ ಡಯಾಲಿಸಿಸ್ ನಡದಿದ್ದ ವರ್ಷ ಅವ್ವ ಈ ಡಬ್ಬಿ ಚೀಲದಾಗ ಹಾಕ್ಕೊಂಡ ದವಾಖಾನಿಗೆ ಹೋಗ್ತಿದ್ಲು. ವಾರಕ್ಕ ಎರಡ ಸಲ, ನಾಲ್ಕ ನಾಲ್ಕ ತಾಸು. ಆತ ಒಳಗ, ಈಕಿ ಹೊರಗ ಬೆಂಚಿನ ಮ್ಯಾಲ, ಆವಾಜ ಬಂದ ಮಾಡಿ. ನೋಡಾಕ ಬಂದ ಒಬ್ಬ ನೆಂಟರಾಕಿ, "ಗಂಡ ಹಂಗ ಮಲಗ್ಯಾನ, ಈಕಿಗೆ ಆಟ" ಅಂತ ಊರ ತುಂಬ ಸಾರಿ ಬಂದ್ಲು. ನನಗೂ ಹೊಟ್ಟಿ ಉರೀತು. ಅವ್ವ ಜಗಳ ಆಡಲಿಲ್ಲ. ರಾತ್ರಿ ಅನ್ನಕ್ಕ ಕುಂತಾಗ, "ಸುಮ್ನ ಕುಂತ್ರ ಬ್ಯಾಡಾದ್ದೆಲ್ಲ ತಲಿಗೆ ಬರ್ತದ. ಇದರಾಗ ಮುಂದಿಂದು ಎಲ್ಲೆ ಇಡಬೇಕು ಅನ್ನೂದೊಂದ ಚಿಂತಿ" ಅಂದ್ಲು.

ಖರೇನ. ಮಾರಿಯೋ ಆಡಿದ್ರ ರಾಜಕುಮಾರಿ ಸಿಕ್ಕ ಕೂಡಲೆ ಕಥಿ ಮುಗೀತು. ಟೆಟ್ರಿಸಿಗೆ ಗೆಲ್ಲೂದ ಅಂತ ಇಲ್ಲ, ಸೋಲೂದು ಎಷ್ಟ ಹೊತ್ತ ಮುಂದ ದೂಡ್ತಿ ಅನ್ನೂದಷ್ಟ. ಸಾಲು ತುಂಬಿತು, ಅಳಿಸಿತು, ಮತ್ತ ಜಾಗಾ ಆತು. 2023ರ ಡಿಸೆಂಬರದಾಗ ಅಮೆರಿಕಾದ 13 ವರ್ಷದ ಹುಡುಗ ಹಳೇ ನಿಂಟೆಂಡೊ ಟೆಟ್ರಿಸ್ ಆಡ್ಕೋತ 157ನೇ ಲೆವೆಲ್ಲಿಗೆ ಹೋದಾಗ ಆ ಮಷೀನ ಗಪ್ಪಂತ ನಿಂತ ಬಿಡ್ತು. ಮನುಷ್ಯಾರು ಅದನ್ನ ಹಂಗ ನಿಲ್ಲಿಸಿದ್ದು ಅದ ಮೊದಲು.

ಮಗ ಆ ವಿಡಿಯೋ ಅಜ್ಜಿಗೆ ತೋರಿಸಿದ. ಆಕಿ ಪೂರಾ ನೋಡಿ, "ಕೂಸಿಗೆ ಬೆಳ್ಳ ನೋವಾಗಿರ್ಬೇಕು" ಅಂದು ತನ್ನ ಡಬ್ಬಿ ತಗೊಂಡ್ಲು. ಎಡಗಡೆ ಗುಂಡಿ ಈಗ ಜೋರ ಒತ್ತಬೇಕು.