ಅಜ್ಜಿಯೂ ಧೂಳೂ

ಅಜ್ಜ ತೆಗೆದ ನೆಗೆಟಿವ್‌ಗಳನ್ನು ಅಮ್ಮ ಊರಿಂದ ತಂದಿದ್ದರು. ನಮ್ಮ ಹಳೇ ಸ್ಕ್ಯಾನರಿನ ಸಾಫ್ಟ್‌ವೇರ್ ಹೊಸ ಲ್ಯಾಪ್‌ಟಾಪಿನಲ್ಲಿ ಓಡಲಿಲ್ಲ. ಸಿಲ್ವರ್‌ಫಾಸ್ಟ್ ಲೈಸೆನ್ಸ್ ಸ್ಕ್ಯಾನರಿನ ಮಾದರಿಗೆ ಕಟ್ಟುಬಿದ್ದದ್ದು. ವ್ಯೂಸ್ಕ್ಯಾನ್ ಹಳೇ ಸ್ಕ್ಯಾನರುಗಳಿಗೂ ನಡೆಯುತ್ತದೆ. ಅದನ್ನೇ ಆರಿಸಿದೆ. (ದುಡ್ಡು ಅಪ್ಪನದು!)

ಬಣ್ಣದ ಫಿಲ್ಮಿನ ಧೂಳು, ಗೀರುಗಳನ್ನು ಇನ್‌ಫ್ರಾರೆಡ್ ಕ್ಲೀನಿಂಗ್ ಚೆನ್ನಾಗಿ ಅಳಿಸಿತು. ಕಪ್ಪು-ಬಿಳುಪಿನಲ್ಲಿ ಮಾತ್ರ ಅಜ್ಜಿಯ ಮೂಗುಬೊಟ್ಟು, ಕೆನ್ನೆ ಕಲಸಿಹೋದವು. ಆ ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣ. ಅದು ಇನ್‌ಫ್ರಾರೆಡ್ ಬೆಳಕನ್ನೂ ತಡೆಯುವುದರಿಂದ ಸಾಫ್ಟ್‌ವೇರ್ ಅದನ್ನೇ ಧೂಳೆಂದು ತಿಳಿಯುತ್ತದೆ. ಅಜ್ಜಿಯನ್ನೇ ಧೂಳು ಅಂದುಕೊಂಡಿತಲ್ಲ!

ಕ್ಲೀನಿಂಗ್ ಆಫ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿದೆ. ಉಳಿದ ಚುಕ್ಕೆಗಳನ್ನು ಕೈಯಿಂದಲೇ ಒಂದೊಂದಾಗಿ ಅಳಿಸುತ್ತಿದ್ದಾಗ ಅಮ್ಮ ಓಡಿಬಂದರು. “ಏಯ್, ಅದನ್ನ ಬಿಡೋ! ಅದು ನಮ್ಮಮ್ಮನ ಮಚ್ಚೆ.”