ಏಪ್ರಿಲ್ ಬಿಸಿಲಿನ ಪರವಾಗಿ

ಧಾರವಾಡ
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಅಕ್ಕ,

ಬೇಸಿಗೆ ಶಿಬಿರದಲ್ಲಿ ನಿಸರ್ಗ ಕಲಿಸುವ ಕೆಲಸಕ್ಕೆಂದು ಇಲ್ಲಿಗೆ ಬಂದವನಿಗೆ ನೀನು ಕಾಗದದಲ್ಲಿ ಎತ್ತಿದ ತಕರಾರು ಸುಲಭದ್ದಲ್ಲ. ಹಸಿರಿರುವಾಗ, ಶ್ರಾವಣದಲ್ಲೋ ಕಾರ್ತಿಕದಲ್ಲೋ ಮಕ್ಕಳನ್ನು ಹೊರಗೆ ಒಯ್ಯಬೇಕು; ಎಲೆ ಉದುರಿ, ಕೆರೆ ಇಳಿದು, ವಲಸೆ ಹಕ್ಕಿಗಳು ಹೊರಟುಹೋದ ಮೇಲೆ ತೋರಿಸುವುದೇನಿದೆ ಎನ್ನುತ್ತೀಯ. ಹುಬ್ಬಳ್ಳಿ-ಧಾರವಾಡದ ಪಾಲಕರಲ್ಲೂ ಬಹಳ ಮಂದಿಯ ಮಾತು ಇದೇ. ಇಲ್ಲಿ ಮಕ್ಕಳ ಬೇಸಿಗೆ ಶಿಬಿರಗಳಿಗೆ ಬರವಿಲ್ಲ. ರಂಗಾಯಣ ನಾಟಕಸಂಸ್ಥೆಯ ಚಿಣ್ಣರ ಮೇಳದಂಥ ಒಳ್ಳೆಯ ಪರಂಪರೆಯೂ ಇದೆ. ಆದರೆ ಎಷ್ಟೋ ಶಿಬಿರಗಳಲ್ಲಿ ನಿಸರ್ಗದ ಪಾಲಿಗೆ ಉಳಿಯುವುದು ದಾಂಡೇಲಿಗೆ ಒಂದು ದಿನದ ಬಸ್ಸು. ನನಗನ್ನಿಸುವುದು ಇಷ್ಟು: ಈ ಊರುಗಳಲ್ಲಿ ನಿಸರ್ಗ ಕಲಿಸಲು ಬೇಸಿಗೆ ಅನಿವಾರ್ಯಕ್ಕೆ ಒಪ್ಪಿಕೊಂಡ ಕಾಲವಲ್ಲ, ಹುಡುಕಿ ಆರಿಸಿಕೊಳ್ಳಬೇಕಾದ ಕಾಲ.

ಮಣ್ಣನ್ನೇ ತೆಗೆದುಕೋ. ಧಾರವಾಡ ಮಲೆನಾಡಿನ ಸೆರಗು, ಬಯಲುಸೀಮೆಯ ಬಾಗಿಲು. ಪಡುವಣಕ್ಕೆ ಅಳ್ನಾವರ, ಕಲಘಟಗಿಯ ಕಡೆ ಕೆಂಪು ನೆಲ ಮತ್ತು ಕಾಡು. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ಕಪ್ಪು ಎರಿಹೊಲ. ಈ ಭೇದ ಮಳೆಗಾಲದಲ್ಲಿ ಬೆಳೆಯ ಕೆಳಗೆ ಮುಚ್ಚಿಹೋಗಿರುತ್ತದೆ. ಎರಿಭೂಮಿ ಬಾಯಿಬಿಡುವುದು ಈಗ. ಒಣಗಿದಾಗ ಕುಗ್ಗಿ, ಮಗುವಿನ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮಣ್ಣು ಆ ಬಿರುಕಿನೊಳಗೆ ಉದುರುತ್ತದೆ. ಮಳೆ ಬಿದ್ದಾಗ ಜೇಡಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ನೆಲ ತನ್ನನ್ನು ತಾನೇ ಮಗುಚಿಕೊಳ್ಳುವ ಈ ಕೆಲಸವನ್ನು ಜುಲೈನಲ್ಲಿ ಯಾವ ಮೇಷ್ಟ್ರೂ ತೋರಿಸಲಾರರು. ಕಲ್ಲಿನ ಕತೆಯೂ ಅಷ್ಟೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಶಿಲೆಗಳಿಗೆ ಈ ಊರಿನ ಹೆಸರನ್ನೇ ಇಟ್ಟ. 250 ಕೋಟಿ ವರ್ಷಕ್ಕೂ ಹಳೆಯ ಆ ಶಿಲೆಗಳಿಂದಾಗಿ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡವಿದೆ. ಪೇಢೆಯ ಊರೆಂದಷ್ಟೇ ಗೊತ್ತಿರುವ ಮಗುವಿಗೆ ಆ ಕಲ್ಲನ್ನು ಹುಲ್ಲು ಒಣಗಿದ ಗುಡ್ಡದ ಮೇಲೆ ಮುಟ್ಟಿಸುವುದು ಸುಲಭ.

ಹಕ್ಕಿಗಳ ವಿಷಯದಲ್ಲಿ ನಿನ್ನ ಮಾತು ಅರ್ಧ ನಿಜ. ಗದಗ ಜಿಲ್ಲೆಯ ಮಾಗಡಿ ಕೆರೆಗೆ, 2024ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತಲ್ಲ ಆ ಕೆರೆಗೆ, ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಈಗಿಲ್ಲ; ಹಿಮಾಲಯ ದಾಟಿ ಹೋಗಿವೆ. ಆದರೆ ಅತಿಥಿಗಳು ಹೋದ ಮೇಲೆ ಮನೆಯವರ ಸಂಸಾರ ಕಾಣುತ್ತದೆ. ಕಾಗೆ ಗೂಡು ಕಟ್ಟುವ ಹೊತ್ತಿಗೇ ಕೋಗಿಲೆಯ ದನಿ ಏರುವುದು ಕಾಕತಾಳೀಯವಲ್ಲ, ಅದರ ಮೊಟ್ಟೆಗೆ ಆ ಗೂಡೇ ಬೇಕು. ಕುಹೂ ಎನ್ನುವುದು ಕಪ್ಪು ಗಂಡು. ಹೆಣ್ಣು ಕಂದುಬಣ್ಣದ ಚುಕ್ಕಿಹಕ್ಕಿ. (ನಮ್ಮ ಸಿನಿಮಾ ಹಾಡು ಬರೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು.) ಕಕ್ಕೆಮರ ಈಗ ಹಳದಿ ಗೊಂಚಲನ್ನೂ ಹಳೆಯ ಕರಿಕಾಯಿಯನ್ನೂ ಒಟ್ಟಿಗೆ ತೂಗಿಸಿಕೊಂಡಿದೆ, ಎಲೆ ವಿರಳವಾದ್ದರಿಂದ ದುಂಬಿಗೂ ಹುಡುಗರಿಗೂ ಹೂವು ದೂರದಿಂದಲೇ ಕಾಣುತ್ತದೆ. ಯುಗಾದಿಗೆ ಹೂಬಿಟ್ಟಿದ್ದ ಬೇವು ಕಾಯಿಗಟ್ಟುತ್ತಿದೆ. ಅದರ ಬೀಜ ಬಹಳ ದಿನ ಜೀವ ಹಿಡಿದಿರುವುದಿಲ್ಲ, ಹಾಗಾಗಿ ಹಣ್ಣು ಮಾಗುವುದು ಮುಂಗಾರಿನ ಹೊಸ್ತಿಲಲ್ಲೇ. ಕಾಲಕ್ಕೂ ಜೀವಕ್ಕೂ ಇರುವ ಈ ಲೆಕ್ಕವನ್ನು ಮಳೆ ಬರುವ ಮುಂಚೆಯೇ ಹಿಡಿಯಬೇಕು. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ರಜೆಯಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಬರುತ್ತವೆ. ರೈತರ ಆ ಪಂಚಾಂಗದ ಪಕ್ಕದಲ್ಲಿ ಮಕ್ಕಳು ಮಳೆ ಬಿದ್ದ ದಿನಗಳನ್ನು ಬರೆದಿಟ್ಟರೆ ಅದೇ ಒಂದು ಪಾಠ.

ಇನ್ನು ದಾಂಡೇಲಿ. ಕಾಡು ದೊಡ್ಡದು, ನಿಜ. ಆದರೆ ಒಂದು ದಿನದಲ್ಲಿ ಮಗು ನೋಡುವುದು ಜೀಪು, ನದಿ ಮತ್ತು ಊಟದ ಪೊಟ್ಟಣ. ನಿನ್ನೆ ನೋಡಿದ ಮರವನ್ನು ಇವತ್ತು ಮತ್ತೆ ನೋಡಲಾಗದ ಕಡೆ ಬದಲಾವಣೆ ಕಾಣುವುದಿಲ್ಲ, ಬದಲಾವಣೆ ಕಾಣದಿದ್ದರೆ ಪ್ರಶ್ನೆ ಏಳುವುದಿಲ್ಲ. ಕೆಲಗೇರಿ ಕೆರೆಗೋ ಉಣಕಲ್ ಕೆರೆಗೋ ದಿನಾ ಹೋಗಬಹುದು. ಅಲ್ಲಿ ಜಲಕಳೆ, ಪ್ಲಾಸ್ಟಿಕ್, ಕೊಳಚೆ ಇಲ್ಲವೇ ಎಂದರೆ ಇವೆ. ದಕ್ಷಿಣ ಅಮೆರಿಕದಿಂದ ಬಂದ ಅಂತರಗಂಗೆಯೆಂಬ ಆ ಕಳೆ ಊರ ಕೊಳೆನೀರನ್ನುಂಡು ಹೇಗೆ ಕೊಬ್ಬುತ್ತದೆ ಎನ್ನುವುದೂ ನಿಸರ್ಗಪಾಠವೇ, ದಾಂಡೇಲಿಯ ಪಾಠಕ್ಕಿಂತ ಹೆಚ್ಚು ಬೇಕಾದದ್ದು. ಬಿಸಿಲಿನ ಭಯಕ್ಕೆ ಮಾತ್ರ ವಾದವಿಲ್ಲ: 36-37 ಡಿಗ್ರಿಯಲ್ಲಿ ಮಕ್ಕಳನ್ನು ಬಯಲಲ್ಲಿ ನಿಲ್ಲಿಸುವುದು ತಪ್ಪು. ಬೆಳಗಿನ ಆರರಿಂದ ಒಂಬತ್ತು, ಆಮೇಲೆ ಹೊಂಗೆಯ ನೆರಳು. ಹೊರಗೆ ಕೆಲಸ ಮಾಡುವವನ ಮುಖ್ಯ ವಿದ್ಯೆ ನೂರು ಹೆಸರು ಹೇಳುವುದಲ್ಲ. ನೀರು, ನೆರಳು, ಹೊತ್ತು ನೋಡಿಕೊಂಡು, ಮಗು ಕಂಡದ್ದನ್ನು ತಾನು ಮೊದಲು ಹೇಳಿಬಿಡದೆ ತಡೆದುಕೊಳ್ಳುವುದು.

ಉತ್ತರ ಪೂರ್ತಿ ಸಿಗದ ಆಕ್ಷೇಪ ಒಂದೇ. ಶುಲ್ಕ ಕಟ್ಟುವ ಶಿಬಿರಗಳಿಗೆ ಬರುವವರು ಉಳ್ಳವರ ಮಕ್ಕಳು. ನವಲಗುಂದದ ರೈತನ ಮಗನಿಗೆ ಎರಿಯ ಬಿರುಕು ಯಾರೂ ತೋರಿಸಬೇಕಿಲ್ಲ. ಅವನನ್ನೂ ಶಿಬಿರಕ್ಕೆ ಕರೆಯಬೇಕು, ದಾನವೆಂದಲ್ಲ, ಅವನಿಗೆ ಗೊತ್ತಿರುವುದು ಉಳಿದವರಿಗೆ ಗೊತ್ತಿಲ್ಲವೆಂದು. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಶಾಲಾಮಕ್ಕಳನ್ನು ಕಾಡಿಗೆ ಒಯ್ಯುತ್ತದೆ. ಕಾಡಂಚಿನ, ಹೊಲದಂಚಿನ ಮಕ್ಕಳನ್ನು ಪೇಟೆಯವರಿಗೆ ಜೋಡಿಸುವ ಕೆಲಸ ಇನ್ನೂ ಆಗಬೇಕಿದೆ.

ನಿನ್ನ ಮಕ್ಕಳನ್ನು ಕಳಿಸುವುದಾದರೆ ಮೇ ಎರಡನೆಯ ವಾರದೊಳಗೆ ಕಳಿಸು. ಟೋಪಿ, ಹಳೆಯ ಬೂಟು, ಗೆರೆಯಿಲ್ಲದ ನೋಟುಬುಕ್ಕು ಇರಲಿ. ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಮ್ಮ